ಮೂರು ಭಾನುವಾರದ ಬಯಕೆ

ಬಸುರಿಯ ಬಯಕೆಗೆ ಹೊತ್ತುಗೊತ್ತು ಇರುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಏಳು ತಿಂಗಳ ಹಂಸಾಳ ಬಯಕೆಗೆ ಊರುಕೇರಿಯೂ ಇರಲಿಲ್ಲ. ಹುಟ್ಟಿದ್ದು ಮೈಸೂರು, ಇದ್ದದ್ದು ಜಪಾನಿನ ನಗೋಯಾ, ಆಸೆಪಟ್ಟದ್ದು ಆಲ್ಬೇನಿಯಾದ ತಿಂಡಿಗೆ.

ತಪ್ಪೆಲ್ಲ ಗಾಳಿಯದು. ಅದು 2021ರ ಅಕ್ಟೋಬರ್. ಕೊರೋನಾದ ಬಿಗಿ ಸ್ವಲ್ಪ ಸಡಿಲವಾಗಿ, ಮನೆ ಹತ್ತಿರದ ಪಾರ್ಕಿನಲ್ಲಿ ಭಾನುವಾರದ ಸಂತೆ ಮತ್ತೆ ಶುರುವಾಗಿತ್ತು. ಗಂಡ ಭುವನ್ ಜೊತೆ ಮೂಲಂಗಿ ಕೊಳ್ಳಲು ಹೋದವಳ ಮಾಸ್ಕನ್ನೂ ದಾಟಿ ಬಿಸಿ ಬೆಣ್ಣೆಯ, ಬಾಡಿಸಿದ ಸೊಪ್ಪಿನ ಘಮ ಒಳಗೆ ನುಗ್ಗಿತು. ಘಮದ ಬೆನ್ನು ಹತ್ತಿ ಹೋದರೆ ಒಂದು ಬಿಳಿ ಟೆಂಟು. ಅದರಡಿ ಅಗಲವಾದ ಕಬ್ಬಿಣದ ತಟ್ಟೆ, ತಟ್ಟೆಯ ತುಂಬ ಪದರ ಪದರವಾಗಿ ಹೊಂಬಣ್ಣಕ್ಕೆ ಬೆಂದ ಹಾಳೆಯಂಥ ರೊಟ್ಟಿ. ಹಿಂದೆ ಚಾಕು ಹಿಡಿದು ನಿಂತ ಐವತ್ತು ದಾಟಿದ ಹೆಂಗಸು. ‘ಆಲ್ಬೇನಿಯಾದ ಬ್ಯುರೆಕ್’ ಎಂದು ಬೋರ್ಡು, ಪಕ್ಕದಲ್ಲಿ ಪಾಲಕ್ ಸೊಪ್ಪಿನ ಚಿತ್ರ.

ಬಾಯಿಬಿಟ್ಟು ಕೇಳೋಣವೆಂದರೆ ಸಂತೆಯವರು ಇನ್ನೊಂದು ಬೋರ್ಡು ತೂಗುಹಾಕಿದ್ದರು: ಮಾತು ಬೇಡ, ಬೆರಳು ತೋರಿಸಿ ಕೊಳ್ಳಿ. ಈ ದೇಶದಲ್ಲಿ ಬೋರ್ಡು ಹೇಳಿತೆಂದರೆ ಮುಗಿಯಿತು. ಹಂಸಾ ಫೋನಿನಲ್ಲಿ ‘ಇದರಲ್ಲಿ ಮಾಂಸ ಇದೆಯೇ?’ ಎಂಬುದನ್ನು ಜಪಾನಿಗೆ ತಿರುಗಿಸಿ, ಪ್ಲಾಸ್ಟಿಕ್ ಪರದೆಯಾಚೆಗೆ ಹಿಡಿದಳು. ಹೆಂಗಸು ಓದಿ, ಗಲ್ಲವನ್ನು ಮೇಲೆತ್ತಿ ಇಳಿಸಿ ತಲೆಯಾಡಿಸಿದಳು. ಆಮೇಲೆ ಹುಬ್ಬು ಹಾರಿಸಿ, ಚಾಕು ಎತ್ತಿ, ಒಂದು ತುಂಡು ಕೊಡಲೇ ಎಂಬಂತೆ ನೋಡಿದಳು. ಹಂಸಾ ತಲೆಯನ್ನು ಅತ್ತಿಂದಿತ್ತ ಅಲ್ಲಾಡಿಸಿ, ಮುಖ ಸಪ್ಪಗೆ ಮಾಡಿಕೊಂಡು ಹಿಂದಿರುಗಿದಳು.

ಭುವನ್ ಕಾರಿನ ಬ್ರೇಕುಗಳನ್ನು ತಪಾಸಣೆ ಮಾಡುವ ಎಂಜಿನಿಯರ್. ಒಂದೇ ಸಲ ನೋಡಿ ನಂಬುವುದು ಅವನ ಜಾಯಮಾನದಲ್ಲಿಲ್ಲ. ಎರಡನೇ ಭಾನುವಾರ ತಾನೇ ಹೋಗಿ, ಅದೇ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ ಬಂದ.

“ಕನ್ಫರ್ಮ್ಡ್. ಎರಡು ಸಲ ತೋರಿಸ್ದೆ, ಎರಡು ಸಲಾನೂ ಹೂಂ ಅನ್ನೋ ಹಾಗೆ ತಲೆ ಆಡಿಸಿದ್ರು. ಸೊಪ್ಪಿನ ಜೊತೆ ಮಾಂಸ ಮಿಕ್ಸ್ ಮಾಡಿರ್ತಾರೆ, ಬಿಡು.”

ಆ ಸಂಜೆ ವಿಡಿಯೋ ನೋಡಿಕೊಂಡು ಅವನೇ ಪಾಲಕ್ ಪಫ್ಸ್ ಮಾಡಿದ. ಹೊರಗೆ ಇದ್ದಿಲು, ಒಳಗೆ ಹಸಿಹಿಟ್ಟು. ಹಂಸಾ ಎರಡು ತಿಂದು ಚೆನ್ನಾಗಿದೆ ಎಂದಳು. ಸುಳ್ಳು ಹೇಳಿದ್ದಕ್ಕೆ ಹೊಟ್ಟೆಯೊಳಗಿನ ಕೂಸು ಒದೆಯಿತು.

ನಿಜ ಹೇಳಬೇಕೆಂದರೆ ಅವಳಿಗೆ ಊಟಕ್ಕೇನೂ ಕೊರತೆಯಿರಲಿಲ್ಲ. ಮೈಸೂರಿನಿಂದ ಅಮ್ಮ ವಿಜಯಾ ಬರಬೇಕಿತ್ತು. ಜಪಾನು ಬಾಗಿಲು ಹಾಕಿಕೊಂಡು ಕೂತಿತ್ತು. ಬಂದಿದ್ದರೆ ಸೀಮಂತ, ಹಸಿರು ಬಳೆ, ಬಯಕೆಯೂಟ ಎಲ್ಲ ಆಗುತ್ತಿತ್ತು. ಈಗ ಏನು ಬೇಕಾದರೂ ಹಂಸಾಳೇ ಕೇಳಬೇಕು, ಇಲ್ಲವೇ ತಾನೇ ಮಾಡಿಕೊಳ್ಳಬೇಕು. ಕೇಳದೆಯೇ, ಬೇಡವೆಂದರೂ ಬಿಡದೆ, ದೊಡ್ಡವರೊಬ್ಬರು ತಿನ್ನಿಸುವ ಒಂದು ತುತ್ತಿಗಾಗಿ ಅವಳ ಜೀವ ಹಾತೊರೆಯುತ್ತಿತ್ತು. ಇದನ್ನು ಅಮ್ಮನಿಗೆ ಹೇಳಿದರೆ ಅಲ್ಲಿ ಅವರು ಅಳುತ್ತಾರೆ, ಭುವನ್‌ಗೆ ಹೇಳಿದರೆ ಇನ್ನೊಂದು ತಟ್ಟೆ ಪಫ್ಸ್ ಮಾಡುತ್ತಾನೆ. ಹಾಗಾಗಿ ಯಾರಿಗೂ ಹೇಳಲಿಲ್ಲ.

ಮೂರನೇ ಭಾನುವಾರ ಭುವನ್ ತರಕಾರಿಯ ಸಾಲಿನಲ್ಲಿ ನಿಂತಿದ್ದಾಗ, ಹಂಸಾ ಬಿಳಿ ಟೆಂಟಿಗೆ ಎದುರಾದ ಬೆಂಚಿನ ಮೇಲೆ ಕೂತಳು. ತಿನ್ನಲಾಗದಿದ್ದರೆ ಮೂಸಿಯಾದರೂ ನೋಡೋಣವೆಂಬ ಬಡ ಆಸೆ. ಆ ಹೊತ್ತಿಗೇ ಅಮ್ಮನ ವಿಡಿಯೋ ಕಾಲ್ ಬಂತು.

“ಏನೇ, ಅದೇನೋ ತಿಂಡಿ ಸಿಕ್ತೇನೇ?”

“ಇಲ್ಲಮ್ಮ. ಅದ್ರಲ್ಲಿ ಮಾಂಸ ಇದೆಯಂತೆ, ಹೇಳಿದ್ನಲ್ಲ.”

“ಬಯಕೆ ಹಾಗೇ ಉಳಿಸ್ಕೊಂಡ್ರೆ ಹುಟ್ಟೋ ಮಗೂಗೆ ಕಿವಿ ಸೋರತ್ತೆ ಕಣೇ. ನಾನಲ್ಲಿದ್ದಿದ್ರೆ…” ಎಂದು ವಿಜಯಾ ಮಾತು ನಿಲ್ಲಿಸಿದರು. ಆ ವಾಕ್ಯ ಅವರಿಗೆ ಯಾವತ್ತೂ ಪೂರ್ತಿಯಾಗುತ್ತಿರಲಿಲ್ಲ.

ಅಷ್ಟರಲ್ಲಿ ಟೆಂಟಿನ ಹೆಂಗಸು ಚಾಕು ಕೆಳಗಿಟ್ಟು, ಸಾಲಿನಲ್ಲಿದ್ದ ಗಿರಾಕಿಗಳಿಗೆ ಸುಮಿಮಾಸೆನ್, ಕ್ಷಮಿಸಿ, ಎಂದು ಬಾಗಿ, ನೆಟ್ಟಗೆ ಬೆಂಚಿನ ಕಡೆಗೇ ಬಂದಳು. ಕೈಯಲ್ಲಿ ಕಾಗದದ ತಟ್ಟೆ, ಅದರ ಮೇಲೆ ಹಬೆಯಾಡುವ ಒಂದು ತುಂಡು. ತನ್ನ ಹೆಸರು ಮಿರೆಲಾ ಎಂದು ಜಪಾನಿಯಲ್ಲಿ ಹೇಳಿ, ತಟ್ಟೆಯನ್ನು ಹಂಸಾಳ ಮುಂದೆ ಹಿಡಿದಳು. ಬೋರ್ಡಿನ ಅಪ್ಪಣೆ ಅಲ್ಲಿಗೆ ಮುರಿದುಬಿತ್ತು.

ಹಂಸಾ ತನ್ನ ಹರಕುಮುರುಕು ಜಪಾನಿಯಲ್ಲಿ, “ನಾನು ಮಾಂಸ ತಿನ್ನುವುದಿಲ್ಲ” ಎಂದಳು.

“ಇದು ಸೊಪ್ಪು, ಈರುಳ್ಳಿ, ಚೀಸು. ಮೊಟ್ಟೆ ಕೂಡ ಇಲ್ಲ.”

“ಆವತ್ತು ನೀವೇ ಮಾಂಸ ಇದೆ ಎಂದಿರಿ. ನನ್ನ ಗಂಡನಿಗೂ ಹಾಗೇ ಹೇಳಿದಿರಿ.”

“ಇಲ್ಲ ಎಂದೆ” ಎಂದ ಮಿರೆಲಾ ಆವತ್ತಿನ ಹಾಗೆಯೇ ಗಲ್ಲ ಮೇಲೆತ್ತಿ ಇಳಿಸಿದಳು. ಮರುಕ್ಷಣ ಅವಳೇ ಹಣೆ ಹಣೆ ಚಚ್ಚಿಕೊಂಡಳು. “ನಮ್ಮೂರಲ್ಲಿ ಹೀಗೆ ಮಾಡಿದರೆ ‘ಇಲ್ಲ’ ಎಂದರ್ಥ. ಹೀಗೆ ಅಡ್ಡ ಆಡಿಸಿದರೆ ‘ಹೌದು’. ಇಲ್ಲಿಗೆ ಬಂದು ಹನ್ನೆರಡು ವರ್ಷವಾಯಿತು. ನಾಲಗೆ ಜಪಾನಿ ಕಲಿಯಿತು, ಕತ್ತು ಕಲಿಯಲಿಲ್ಲ. ಮೊದಲೆಲ್ಲ ಬಾಯಲ್ಲಿ ಹೇಳುತ್ತಿದ್ದೆ, ಯಾರೂ ಕತ್ತು ನೋಡುತ್ತಿರಲಿಲ್ಲ. ಈಗ ಮಾಸ್ಕು, ಮಾತು ಬೇಡವೆಂಬ ಬೋರ್ಡು. ಉಳಿದದ್ದು ಕತ್ತೊಂದೇ.”

ಹಂಸಾಳಿಗೆ ನಗು ಬಂತು. ಆದರೆ ಮಿರೆಲಾ ನಗಲಿಲ್ಲ.

“ನೀವು ಮಾಡಿದ್ದು ಗೊತ್ತೇ? ತುಂಡು ಕೊಡಲೇ ಎಂದರೆ ನೀವು ತಲೆ ಅಡ್ಡ ಆಡಿಸಿದಿರಿ. ಹೌದು ಎಂದಿರಿ ಎಂದುಕೊಂಡೆ. ಕತ್ತರಿಸಿ, ಸುತ್ತಿ, ತಿರುಗಿ ನೋಡಿದರೆ ನೀವಿಲ್ಲ. ತುಂಬಿದ ಬಸುರಿ ಅಡುಗೆಯ ವಾಸನೆ ನೋಡಿ ಬರಿಬಾಯಲ್ಲಿ ಹೋಗಬಾರದು ಎಂದು ನನ್ನ ತಾಯಿ ಹೇಳುತ್ತಿದ್ದಳು. ಎರಡು ವಾರದಿಂದ ನನಗೆ ಸಮಾಧಾನವಿಲ್ಲ. ಈಗ ಬಾಯಿ ತೆಗೆಯಿರಿ.”

ಹಂಸಾ ತಟ್ಟೆಗೆ ಕೈ ಚಾಚಿದರೆ ಮಿರೆಲಾ ಬಿಡಲಿಲ್ಲ. ಕೈಗವಸು ಬದಲಾಯಿಸಿಕೊಂಡು, ಒಂದು ಮೂಲೆ ಮುರಿದು, ಊದಿ ಆರಿಸಿದಳು. ಹಂಸಾ ಮಾಸ್ಕು ಇಳಿಸಿದಳು. ತುತ್ತು ಬಾಯಿಗೆ ಬಂತು. ಮೇಲಿನ ಪದರ ಹಪ್ಪಳದ ಹಾಗೆ ಮುರಿಯಿತು. ಒಳಗೆ ಮೆತ್ತಗೆ ಬೆಂದ ಸೊಪ್ಪು, ಹುಳಿಯಾದ ಬಿಳಿ ಚೀಸು, ಹದವಾದ ಉಪ್ಪು. ಇನ್ನೊಂದು ತುತ್ತು. ಮತ್ತೊಂದು. ಕೊನೆಗೆ ಕಾಗದದ ಲೋಟದಲ್ಲಿ ಉಪ್ಪು ಹಾಕಿದ ಮಜ್ಜಿಗೆ ಬಂತು. ಅವರ ಊರಿನಲ್ಲೂ ಇದನ್ನು ಮಜ್ಜಿಗೆಯ ಜೊತೆಗೇ ತಿನ್ನುವುದಂತೆ. ಹಂಸಾಳ ಕಣ್ಣಲ್ಲಿ ನೀರು ತುಂಬಿ ಹರಿಯಿತು. ಅವಳಿಗೆ ಅದನ್ನು ಒರೆಸಿಕೊಳ್ಳಬೇಕೆಂದೂ ಅನ್ನಿಸಲಿಲ್ಲ, ಅಷ್ಟು ಸಂತೋಷವಾಗಿತ್ತು.

ಮೂಲಂಗಿಯ ಚೀಲ ಹಿಡಿದು ಬಂದ ಭುವನ್, ವಿಷಯ ಕೇಳಿ ಪೆಚ್ಚುಮೋರೆ ಹಾಕಿದ. “ಎರಡು ಸಲ ಚೆಕ್ ಮಾಡಿದ್ದೆ ಕಣೆ.”

“ಎರಡು ಸಲಾನೂ ಆ ಕತ್ತನ್ನೇ ಚೆಕ್ ಮಾಡಿದ್ದೀಯ.”

ಬೆಂಚಿನ ಮೇಲೆ ಒರಗಿಸಿಟ್ಟಿದ್ದ ಫೋನನ್ನು ಎಲ್ಲರೂ ಮರೆತಿದ್ದರು. ಅದರೊಳಗಿಂದ ವಿಜಯಾ ಗಂಟಲು ಸರಿಮಾಡಿಕೊಂಡರು.

“ಹಂಸಾ, ನಿಂಗೆ ತುತ್ತು ಕೊಟ್ಟವ್ರನ್ನ ಹಾಗೇ ಕಳಿಸ್ಬೇಡ ಕಣೇ. ಕುಂಕುಮ ಕೊಡು.”

ಹಂಸಾ ಬ್ಯಾಗು ತಡಕಾಡಿದಳು. ಔಷಧಿ ಚೀಟಿ, ರೈಲಿನ ಕಾರ್ಡುಗಳ ಕೆಳಗೆ ಚಾಮುಂಡಿಬೆಟ್ಟದ ಕುಂಕುಮದ ಪೊಟ್ಟಣ ಸಿಕ್ಕಿತು. ಬಿಚ್ಚಿ ಅಂಗೈಯಲ್ಲಿಟ್ಟು ಮಿರೆಲಾಳ ಮುಂದೆ ಹಿಡಿದಳು. ಮಿರೆಲಾ ಕೈಗವಸು ಕಳಚಿ, ಉಂಗುರಬೆರಳಿಗೆ ಒಂದಿಷ್ಟು ಹಚ್ಚಿಕೊಂಡು, ಏನು ಮಾಡಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತಳು. ಅದು ತನಗೆಂದು ಕೊಟ್ಟದ್ದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಗ್ಗಿ ಹಂಸಾಳ ಹಣೆಗೆ ಇಟ್ಟಳು. ಆಮೇಲೆ ಮುಂಗೈಯಿಂದ ಅವಳ ಕೆನ್ನೆ ಒರೆಸಿದಳು.

ಭುವನ್ ತಿದ್ದಲು ಬಾಯಿ ತೆರೆದ. ಹಂಸಾ ಅವನ ಕೈ ಹಿಡಿದು ಸುಮ್ಮನಿರಿಸಿದಳು.



“ಸರಿಯಾಯ್ತು ಬಿಡು” ಎಂದರು ಫೋನಿನಲ್ಲಿ ವಿಜಯಾ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. “ಇನ್ನೊಂದು ತುಂಡು ತಿನ್ನಿಸ್ಬೇಕಂತೆ ಅಂತ ಹೇಳೇ ಅವ್ರಿಗೆ. ಅಮ್ಮ ಹೇಳಿದ್ರು ಅನ್ನು.”