ಎರಡು ಮೈಕು

ಅಕ್ಕತಂಗಿಯರಿಬ್ಬರೂ ದರ್ಜಿಗಳು. ಒಂದೇ ಅಂಗಡಿಯಲ್ಲಿ ಹೊಲಿಯುತ್ತಿದ್ದವರು, ತಂಗಿ ಹೇಳದೆ ಕೇಳದೆ ಎದುರು ಸಾಲಿನಲ್ಲೇ ತನ್ನದೊಂದು ಅಂಗಡಿ ತೆರೆದಾಗಿನಿಂದ ಮಾತು ಬಿಟ್ಟಿದ್ದರು. ಆದರೂ ವರ್ಷಕ್ಕೊಮ್ಮೆ ಪಾರ್ಕಿನ ಜನಪದ ಸಂಗೀತೋತ್ಸವದಲ್ಲಿ ಒಟ್ಟಿಗೆ ಹಾಡುವುದು ಮಾತ್ರ ತಪ್ಪಿರಲಿಲ್ಲ. ಅವರಮ್ಮ ಕಲಿಸಿದ ಹಾಡು ಅದು. ಒಬ್ಬಳು ಕೇಳಬೇಕು, ಇನ್ನೊಬ್ಬಳು ಉತ್ತರ ಕೊಡಬೇಕು. ಮರದ ಕೆಳಗೆ ಭುಜಕ್ಕೆ ಭುಜ ತಾಗಿಸಿ ನಿಂತು, ಪಕ್ಕದವಳು ಉಸಿರೆಳೆದುಕೊಂಡದ್ದರಲ್ಲೇ ಸುಳಿವು ಹಿಡಿದು ಹಾಡುತ್ತಿದ್ದರು. ಮುಗಿದ ಮೇಲೆ ಒಬ್ಬಳು ಈ ಗೇಟಿನಿಂದ, ಇನ್ನೊಬ್ಬಳು ಆ ಗೇಟಿನಿಂದ ಮನೆಗೆ.

ಈ ವರ್ಷ ಉತ್ಸವದ ಹೊಣೆ ಔಷಧಿ ಅಂಗಡಿಯವನ ಹೆಗಲಿಗೆ ಬಿತ್ತು. ಬರುವವರೆಲ್ಲ ತಲೆ ನೆರೆತವರೇ, ಹೀಗೇ ಬಿಟ್ಟರೆ ಉತ್ಸವ ಕಣ್ಣು ಮುಚ್ಚುತ್ತದೆ ಎಂದು ಅವನು ವಾದಿಸಿದ. ಹುಲ್ಲಿನ ಮೇಲೆ ಕಬ್ಬಿಣದ ವೇದಿಕೆ ಎದ್ದಿತು. ಬಣ್ಣದ ದೀಪ, ದೊಡ್ಡ ಪರದೆ ಬಂದವು. ಪರದೆಯಲ್ಲಿ ಇಬ್ಬರ ಮುಖವೂ ಬೇರೆಬೇರೆ ಕಾಣಲೆಂದು ಒಬ್ಬೊಬ್ಬರಿಗೆ ಒಂದೊಂದು ತುದಿಯಲ್ಲಿ ಮೈಕು ಇಟ್ಟರು. ಇಬ್ಬರೂ ಬೇಡವೆನ್ನಲಿಲ್ಲ. ಬೇಡವೆಂದರೆ ಪಕ್ಕದಲ್ಲೇ ನಿಲ್ಲುವ ಆಸೆಯಿದೆ ಎಂದು ಇನ್ನೊಬ್ಬಳು ತಿಳಿದುಬಿಟ್ಟರೆ?

ಮಧ್ಯಾಹ್ನ ಮೈಕು ಪರೀಕ್ಷೆ. ಅಕ್ಕ ಮೊದಲ ಸಾಲು ಹಾಡಿದಳು. ಆ ತುದಿಯಿಂದ ಬಂದ ಉತ್ತರ ನಡುವೆಯೇ ಒಡೆಯಿತು. ಎರಡನೇ ಸಲವೂ ಹಾಗೇ ಆಯಿತು. ಸೌಂಡ್‌ನವನು ದೂರದಿಂದ ಕೂಗಿ, ತೊಂದರೆ ಮೈಕಿನದೋ ಗಂಟಲಿನದೋ ಕೇಳಿ ಹೇಳಿ ಎಂದ. ವೇದಿಕೆಯ ಮೇಲೆ ಕೇಳುವುದಕ್ಕೆ ಬೇರೆ ಯಾರೂ ಇರಲಿಲ್ಲ. ಅಕ್ಕ ತನ್ನೆದುರಿನ ಮೈಕನ್ನೇ ನೋಡುತ್ತ ಕೇಳಿದಳು:

“ಗಂಟಲಿಗೇನಾಗಿದೆ?”

ಮಾತು ಪಾರ್ಕಿನ ತುಂಬ ಹರಡಿತು. ಕುರ್ಚಿ ಜೋಡಿಸುತ್ತಿದ್ದವರು ತಲೆಯೆತ್ತಿದರು.

“ಕೆಮ್ಮು,” ಎಂದಳು ತಂಗಿ. “ತಿಂಗಳಾಯ್ತು.”

“ನಂಗ್ಯಾರೂ ಹೇಳ್ಲಿಲ್ಲ.”

“ಯಾರು ಹೇಳ್ಬೇಕಿತ್ತು?”

ಅಕ್ಕ ಶ್ರುತಿ ಇಳಿಸಿ ಮೊದಲಿನಿಂದ ಹಿಡಿದಳು. ಈ ಸಲ ತಂಗಿಯ ದನಿ ಒಡೆಯಲಿಲ್ಲ.

ಸಂಜೆಯೂ ಆ ಇಳಿದ ಶ್ರುತಿಯಲ್ಲೇ ಹಾಡಿದರು. ಹಳಬರಿಗೆ ಸಪ್ಪೆ ಅನಿಸಿತು. ಹೊಸಬರು ಮೊಬೈಲ್ ಎತ್ತಿ ಹಿಡಿದು ನಿಂತರು. ಸೇರಿದ ಜನ ನೋಡಿ ಔಷಧಿ ಅಂಗಡಿಯವನು ಹಿಗ್ಗಿ ಹೀರೇಕಾಯಿಯಾದ.

ಮರುದಿನ ಅಕ್ಕ ಕತ್ತರಿ ಕೆಳಗಿಟ್ಟು ರಸ್ತೆ ದಾಟಿದಳು. ತಂಗಿಯ ಅಂಗಡಿಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮೇಜಿನ ಮೇಲೆ ಗುಂಡಿ ಹಾಕದ ಅಂಗಿಗಳ ರಾಶಿ ಬಿದ್ದಿತ್ತು. ಡಾಕ್ಟರಿಗೆ ತೋರಿಸಿದ್ದೀಯಾ ಎಂದು ಕೇಳಿದಳು. ಹಲ್ಲಲ್ಲಿ ದಾರ ಕಚ್ಚಿಕೊಂಡಿದ್ದ ತಂಗಿ ಇಲ್ಲವೆಂದು ತಲೆಯಾಡಿಸಿ, ಕಾಲಿನಿಂದಲೇ ಸ್ಟೂಲನ್ನು ಅವಳತ್ತ ತಳ್ಳಿದಳು.

ಅಕ್ಕ ಕೂತು, ಮೇಲಿನ ಅಂಗಿ ಎತ್ತಿಕೊಂಡು ಗುಂಡಿ ಹಾಕತೊಡಗಿದಳು. ಕಾಲರು ಸ್ವಲ್ಪ ಸೊಟ್ಟಗಿತ್ತು. ಅದನ್ನು ಅವತ್ತು ಹೇಳಲಿಲ್ಲ.