ಅಡುಗೆಮನೆ ಕಡೆಯ ಗುರುವಾರ

ಗುರುವಾರ ಮಧ್ಯಾಹ್ನ ಮೂರೂವರೆ. ಬೆಳ್ಳಾರೆ ಪೇಟೆಯ ಹಿಂದಿರುವ ಹಾಜಿಯವರ ಮನೆಗೆ ಸಹಾಯ ಕೇಳಿಕೊಂಡು ಯಾರೂ ಬರಲಿಲ್ಲ.

ಹಾಜಿಯವರ ಮಗಳು ಝುಬೈದಾ ಚಾದ ನೀರಿಟ್ಟು ಒಲೆ ಆರಿಸಿದ್ದರು. ಹಾಜಿಯವರು ಕಾಳುಮೆಣಸಿನ ವ್ಯಾಪಾರದಲ್ಲಿ ಉಳಿದದ್ದನ್ನು ಹಾಕಿ ಕುಟುಂಬದ ಟ್ರಸ್ಟ್ ಮಾಡಿದ್ದರು. ಕಷ್ಟ ಹೇಳಿಕೊಳ್ಳಲು ಬರುವ ಗಂಡಸರು ಮುಂದಿನ ಜಗಲಿಗೆ, ಹಾಜಿಯವರ ಹತ್ತಿರ. ಹೆಂಗಸರು ಗುರುವಾರ ಅಡುಗೆಮನೆ ಕಡೆಯಿಂದ, ಝುಬೈದಾರ ಹತ್ತಿರ. ಹಾಜಿಯವರು ತೀರಿಕೊಂಡ ಮೇಲೆ ಜಗಲಿ ಖಾಲಿಯಾಯಿತು. ಹಿಂಬಾಗಿಲಿನ ಗುರುವಾರ ಮಾತ್ರ ನಡೆದುಕೊಂಡು ಬಂತು.

ಯಾರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ಬಸಳೆ, ನುಗ್ಗೆಸೊಪ್ಪು, ಒಂದೆರಡು ಮೊಟ್ಟೆ ಏನಾದರೂ ಚೀಲದಲ್ಲಿರುತ್ತಿತ್ತು. ದಾರಿಯಲ್ಲಿ ಸಿಕ್ಕಿದವರಿಗೆ ‘ಬಸಳೆ ಕೊಡ್ಲಿಕ್ಕೆ ಹೋಗುದು’ ಎನ್ನಲು ಅದು ಬೇಕಿತ್ತು. ಬಂದವರು ಮೊದಲು ಚಾ ಕುಡಿಯಬೇಕು, ಹಲಸಿನಕಾಯಿಯ ಸುದ್ದಿ, ಸೊಸೆಯ ಸುದ್ದಿ ಎಲ್ಲ ಮುಗಿಯಬೇಕು. ಕಷ್ಟದ ಮಾತು ಬರುವುದು ಎದ್ದು ಹೊರಡುವ ಹೊತ್ತಿಗೆ. ಸಣ್ಣ ಪ್ರಾಯದಲ್ಲೇ ಗಂಡ ತೀರಿಕೊಂಡು ತವರಿಗೆ ಬಂದ ಝುಬೈದಾ ಊರು ಸುತ್ತಿದವರಲ್ಲ. ಊರೇ ಅವರ ಅಡುಗೆಮನೆಗೆ ಬರುತ್ತಿತ್ತು.

ಈಗ ಬರುವುದು ನಿಂತಿದೆ. ತಮ್ಮ ರವೂಫನ ಮಗಳು ಆಫ್ರಾ ಪುತ್ತೂರಿನಲ್ಲಿ ಕುಳಿತು ಹೆಂಗಸರದ್ದೊಂದು ವಾಟ್ಸಾಪ್ ಗುಂಪು ಮಾಡಿದ್ದಳು. ಸುಳ್ಯದವರು, ಮಂಗಳೂರಿನವರು, ದುಬೈಯಲ್ಲಿರುವವರು ಸೇರಿ ತಿಂಗಳಿಗಿಷ್ಟು ಅಂತ ಹಾಕುತ್ತಾರೆ. ಕೇಸ್ ಬಂದರೆ ಆಫ್ರಾ ಮತ್ತು ಇನ್ನಿಬ್ಬರು ವಿಚಾರಿಸಿ, ಹೆಸರಿಲ್ಲದೆ ಗುಂಪಿಗೆ ಹಾಕುತ್ತಾರೆ. ಎಲ್ಲರೂ ಓಟು ಹಾಕುತ್ತಾರೆ. ದೊಡ್ಡ ಚಿಕಿತ್ಸೆಯಾದರೆ ಆನ್‌ಲೈನಿನಲ್ಲಿ ಊರೆಲ್ಲ ಚಂದಾ ಎತ್ತುತ್ತಾರೆ.

ಟ್ರಸ್ಟಿನ ಸಭೆಗೆ ಮಗಳನ್ನು ಕರೆದುಕೊಂಡು ಬಂದ ರವೂಫ್ ಚಾ ಹೀರುತ್ತಾ ಹೇಳಿದ: "ಅಕ್ಕ, ಟ್ರಸ್ಟಿನ ದುಡ್ಡು ಬ್ಯಾಂಕಿನಲ್ಲಿ ನಿದ್ದೆ ಮಾಡ್ತಾ ಉಂಟು. ಅದನ್ನು ಇವಳ ಗುಂಪಿಗೆ ಸೇರಿಸಿ, ಗುರುವಾರವನ್ನು ನಿಲ್ಲಿಸುವ."

"ಯಾಕೆ, ಊರಿನಲ್ಲಿ ಕಷ್ಟ ಮುಗಿಯಿತಾ?"

"ಮುಗಿಲಿಲ್ಲ ಮಾರಾಯ್ತಿ. ಮೊಬೈಲಿಗೆ ಹೋಯ್ತು."

"ಮೊಬೈಲಿನಲ್ಲಿ ನಿನ್ನ ಮಗಳು ಚಾ ಕೊಡ್ತಾಳಾ?"

"ಕೊಡ್ತೇನೆ ಮಾಮಿ," ಸೋದರತ್ತೆಯ ಕಡೆ ನೋಡಿ ಆಫ್ರಾ ನಕ್ಕಳು. "ಇಮೋಜಿ ಉಂಟು."

ಝುಬೈದಾರೂ ನಕ್ಕರು, ಒಪ್ಪಲಿಲ್ಲ. ಕೊನೆಗೆ ಆಫ್ರಾಳೇ ದಾರಿ ಹುಡುಕಿದಳು. "ನೀವೂ ಗುಂಪಿಗೆ ಸೇರಿ. ಒಂದು ತಿಂಗಳು ನೋಡಿ. ಆಮೇಲೂ ಗುರುವಾರ ಬೇಕು ಅಂದ್ರೆ ನಾನೇ ಬಂದು ಚಾ ಮಾಡ್ತೇನೆ."

ಮರುವಾರ ಗುಂಪಿನಲ್ಲಿ ಒಂದು ಕೇಸ್ ಬಂತು. ಕಡಬ ತಾಲೂಕು. ಬೀಡಿ ಕಟ್ಟುವ ಹೆಂಗಸು, ಗಂಡ ಇಲ್ಲ, ಮಗಳು ನರ್ಸಿಂಗ್ ಎರಡನೇ ವರ್ಷ. ಗರ್ಭಕೋಶದ ಆಪರೇಷನ್ ಸರಕಾರದ ಆರೋಗ್ಯ ಕಾರ್ಡಿನಲ್ಲಿ ಖರ್ಚಿಲ್ಲದೆ ಆಗುತ್ತದೆ. ಅದರ ನಂತರ ಕೆಲವು ವಾರ ಕೆಲಸಕ್ಕೆ ಕೂರುವಂತಿಲ್ಲ. ಅಷ್ಟು ದಿನದ ಮನೆಖರ್ಚು ಬೇಕು.

ಝುಬೈದಾ ಎರಡು ಸಲ ಓದಿದರು. ಪೆರಾಬೆಯ ಮೋಹಿನಿ! ಮಗಳು ಸುರಕ್ಷಾ ನರ್ಸಿಂಗ್ ಓದಬೇಕು ಅನ್ನುತ್ತಾಳೆ ಎಂದು ಮೋಹಿನಿ ಮೊದಲು ಹೇಳಿದ್ದೇ ಈ ಅಡುಗೆಮನೆಯಲ್ಲಿ, ಬಾಗಿಲಿನ ಮೆಟ್ಟಿಲ ಮೇಲೆ ಕೂತು. ಅಷ್ಟು ವರ್ಷ ಬಂದವಳು ಈಗ ಯಾಕೆ ಬರಲಿಲ್ಲ? ಓಟು ಹಾಕಲು ಕೈ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕಿ, ಬೆಲ್ಲ, ಒಂದು ಸೀರೆ ಕಟ್ಟಿಕೊಂಡು ಬಸ್ಸು ಹತ್ತಿದರು. ಸವಣೂರಿನಲ್ಲಿ ಬಸ್ಸು ಬದಲಿಸಿ, ಪೆರಾಬೆಯಲ್ಲಿ ಇಳಿದು, ಕೇಳಿಕೊಂಡು ಕೇಳಿಕೊಂಡು ನಡೆದರು.

ಅಂಗಳಕ್ಕೆ ಕಾಲಿಡುವಾಗ ಬೇಲಿಯಾಚೆ ಹುಲ್ಲು ಕೊಯ್ಯುತ್ತಿದ್ದ ನೆರೆಮನೆಯ ಡೊಂಬಯ್ಯ, ಹಿಂದೆ ಹಾಜಿಯವರ ಜಗಲಿಗೆ ಬಂದುಹೋಗಿದ್ದವ, ಕತ್ತೆತ್ತಿದ.

"ಓಹೋ, ಬೆಳ್ಳಾರೆ ಹಾಜಿಯವರ ಮಗಳಲ್ವಾ? ಮೋಹಿನಿಗೆ ಎಂತ ಆಯ್ತು ಅಕ್ಕ? ಏ ಮೋಹಿನೀ, ಟ್ರಸ್ಟಿನವರು ಬಂದಿದ್ದಾರೆ!"

ಮೋಹಿನಿ ಹೊರಗೆ ಬಂದಳು. ಝುಬೈದಾರನ್ನು ನೋಡಿದಳು, ಬೇಲಿಯನ್ನು ನೋಡಿದಳು, ಒಳಗೆ ಕರೆದು ಬಾಗಿಲು ಎಳೆದಳು.

"ನಿಮಗೆ ಯಾರು ಹೇಳಿದ್ದು ಝುಬೈದಕ್ಕ?"

"ಯಾರೂ ಹೇಳಲಿಲ್ಲ. ಓದುವಾಗಲೇ ನೀನು ಅಂತ ಗೊತ್ತಾಯ್ತು."

"ಹೆಸರು ಹಾಕುದಿಲ್ಲ ಅಂತ ಹೇಳಿದ್ರು. ಅದಕ್ಕೇ ಅಲ್ಲಿ ಕೇಳಿದ್ದು." ಸ್ವರ ಏರಿಸಲಿಲ್ಲ ಅವಳು. "ಸುರಕ್ಷಾಳಿಗೆ ಸಂಬಂಧ ಕೇಳ್ತಾ ಇದ್ದಾರೆ. ಆಪರೇಷನ್ ಅಂತ ಗೊತ್ತಾದ್ರೆ ಊರಿನವರು ನೂರು ತರ ಮಾತಾಡ್ತಾರೆ. ನೀವು ಬಂದಿದ್ದೀರಿ ಅಂದ್ರೆ ಎಂತದೋ ಉಂಟು ಅಂತ ಇಲ್ಲಿ ಎಲ್ಲರಿಗೂ ಗೊತ್ತು."

ಝುಬೈದಾ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡರು. "ನನ್ನ ಹತ್ತಿರ ಬರಬಹುದಿತ್ತಲ್ಲ ಮೋಹಿನಿ. ಬಸಳೆ ಹಿಡ್ಕೊಂಡು ಬರ್ತಿದ್ದಿ, ಎಷ್ಟು ಮಾತಾಡ್ತಿದ್ದೆವು!"

"ನನ್ನ ಅಂಗಳದಲ್ಲಿ ಬಸಳೆ ಎಲ್ಲುಂಟು ಅಕ್ಕ? ಪೇಟೆಯಲ್ಲಿ ಕ್ರಯಕ್ಕೆ ತೆಗೊಂಡು ತರ್ತಿದ್ದದ್ದು." ಮೋಹಿನಿ ಬೀಡಿಯ ಸೂಪನ್ನು ಬದಿಗೆ ಸರಿಸಿದಳು. "ನೀವು ಒಳ್ಳೆಯವರೇ. ಆದ್ರೆ ಆ ಚಾ ಮುಗಿಯುವವರೆಗೆ ನನಗೆ ದುಡ್ಡು ಹೇಗೆ ಕೇಳುದು ಅಂತಲೇ ಯೋಚನೆ. ಮಾತೆಲ್ಲ ನೀವೇ ಆಡ್ತಿದ್ದದ್ದು."

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅಕ್ಕಿ, ಬೆಲ್ಲ, ಸೀರೆ ಚೀಲದಲ್ಲೇ ಇದ್ದವು. ಮಾತೆಲ್ಲ ತಾನೇ ಆಡಿದ್ದು ಹೌದೇ ಎಂದು ಝುಬೈದಾ ಒಂದೊಂದು ಮಧ್ಯಾಹ್ನವನ್ನೂ ನೆನೆಸಿಕೊಂಡರು. ಮೆಟ್ಟಿಲ ಮೇಲೆ ಕೂತು ಲೋಟ ಹಿಡಿದ ಮೋಹಿನಿಯ ಕೈ ಕಂಡಿತು. ಅವಳು ಏನು ಹೇಳುತ್ತಿದ್ದಳು ಎಂದು ಎಷ್ಟು ನೆನೆಸಿದರೂ ಮಗಳ ನರ್ಸಿಂಗಿನದ್ದು ಬಿಟ್ಟು ಬೇರೆ ಒಂದು ಮಾತೂ ಹೊಳೆಯಲಿಲ್ಲ. ಆದರೂ ಆ ಮಧ್ಯಾಹ್ನಗಳು ಬೇಕಿದ್ದವು. ಈಗ ಮೊದಲಿಗಿಂತ ಹೆಚ್ಚು ಬೇಕಿದ್ದವು.

ಸಂಜೆ ಆಫ್ರಾಳ ಫೋನ್ ಬಂತು. "ಮಾಮಿ, ಆ ಕಡಬದ ಕೇಸ್ ಅವರೇ ಬೇಡ ಅಂತ ವಾಪಸ್ ತೆಗೊಂಡ್ರು. ಎಂತ ಆಯ್ತೋ ಗೊತ್ತಿಲ್ಲ."

"ನಾನು ಅವಳ ಮನೆಗೆ ಹೋಗಿದ್ದೆ."

"ಎಂತಕ್ಕೆ ಮಾಮಿ?"

"ನೋಡ್ಬೇಕು ಅಂತ ಆಯ್ತು."

ಆಫ್ರಾ ಬೈಯಲಿಲ್ಲ. ಬೈದಿದ್ದರೆ ಝುಬೈದಾರಿಗೆ ಹಗುರಾಗುತ್ತಿತ್ತು.

ತಿಂಗಳ ಕೊನೆಯ ಸಭೆಯಲ್ಲಿ ರವೂಫ್ ಮಾತು ಎತ್ತುವ ಮೊದಲೇ ಝುಬೈದಾ ಹೇಳಿದರು: "ಗುರುವಾರ ಸಾಕು. ದುಡ್ಡು ಗುಂಪಿಗೆ ಹೋಗಲಿ. ತಾಲೂಕಿನ ಹೆಸರನ್ನೂ ಹಾಕುದು ಬೇಡ, ಮಕ್ಕಳ ಓದಿನ ವಿಷಯವೂ ಬೇಡ. ನನ್ನನ್ನು ಅದರಿಂದ ತೆಗೆ."

"ನೀವು ಇರಬಹುದು ಮಾಮಿ," ಎಂದಳು ಆಫ್ರಾ.

"ನನಗೆ ಗೊತ್ತಾಗಿಬಿಡ್ತದೆ. ಗೊತ್ತಾದ್ರೆ ನಾನು ಬಸ್ಸು ಹತ್ತಿಬಿಡ್ತೇನೆ."

ಟ್ರಸ್ಟಿನ ದುಡ್ಡು ಗುಂಪಿಗೆ ಸೇರಿತು. ಮುಂದಿನ ತಿಂಗಳು ಊರು, ತಾಲೂಕು ಹೇಳದ ಒಂದು ಕೇಸ್ ಎಲ್ಲರ ಓಟಿನಿಂದ ಪಾಸಾಯಿತು. ಅದರ ಬೆನ್ನಿಗೇ ಮೋಹಿನಿಗೆ ಪುತ್ತೂರಿನಲ್ಲಿ ಆಪರೇಷನ್ ಆಯಿತು. ಝುಬೈದಾರಿಗೆ ಅದನ್ನು ಯಾರೂ ಹೇಳಲಿಲ್ಲ.