ಕೋಲು ಇರಲಿ ಬಿಡಿ

"ಕೋಲು ಇರಲಿ ಬಿಡಿ ಬೀಗರೇ. ಅದರ ಪಾಡಿಗೆ ಅದು ನಿಂತಿದ್ರೆ ನಿಮಗೇನು ಕಷ್ಟ?"

ಹುಲ್ಲಿನ ಅಂಚಿನಲ್ಲಿ ಕಾಲು ಅಗಲಿಸಿ ನಿಂತು ಬೀಗರು ಹೀಗೆಂದಾಗ ಕುಕ್ಕರ್ ಆಗಲೇ ಕುಳಿಯ ಗುರುತಿಗೆ ನೆಟ್ಟ ಬಾವುಟದ ಕೋಲಿಗೆ ಕೈ ಹಾಕಿಯಾಗಿತ್ತು. ಕೈ ಹಿಂದಕ್ಕೆ ತೆಗೆಯಲಿಲ್ಲ. ಮೂಗಿನಿಂದ ಸುಯ್ಯೆಂದು ಉಸಿರು ಬಂತು. ಗಾಲ್ಫ್ ಕ್ಲಬ್ಬಿನಲ್ಲಿ ಅವನಿಗೆ ಕುಕ್ಕರ್ ಎಂಬ ಹೆಸರು ಬಂದದ್ದೇ ಈ ಉಸಿರಿನಿಂದ. ಒಂದು ವಿಷಲ್ ಆದರೆ ಜನ ಮಾತು ನಿಲ್ಲಿಸುತ್ತಿದ್ದರು, ಎರಡಾದರೆ ಚಹಾದ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು.

"ಕೋಲು ಇದ್ರೆ ಕೈಗೆ ಸೊಕ್ಕು ಬರುತ್ತೆ," ಎಂದ ಕುಕ್ಕರ್. "ಹೆಂಗೆ ಹೊಡೆದ್ರೂ ಅದು ತಡೆಯುತ್ತೆ ಅಂತ. ತೆಗೆದು ನೋಡಿ, ಕೈ ತಾನಾಗೇ ಹದಕ್ಕೆ ಬರುತ್ತೆ."

"ನಿಮ್ಮದು ಗಾಜಿನ ಅಂಗಡಿ ಬುದ್ಧಿ. ಎಲ್ಲಾನೂ ಮೆಲ್ಲಗೆ ಮುಟ್ಟಬೇಕು ನಿಮಗೆ." ಬೀಗರು ನಕ್ಕರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ ಅವರ ಮಾತು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು, ಇಲ್ಲ ಎನ್ನುವುದನ್ನೂ ಹೌದು ಎಂಬ ಹಾಗೆ ಹೇಳಿ ಕಳಿಸುವುದನ್ನು ಕಲಿತವರು. "ಹೊಡೆಯೋನು ನಾನು ತಾನೆ? ಹೊಡೆಯೋನು ಹೇಳಿದ ಹಾಗೆ ಕೋಲು. ರೂಲ್ಸೇ ಹಾಗಿದೆಯಲ್ರೀ."

ರೂಲ್ಸು ಹಾಗೇ ಇತ್ತು. ಕುಕ್ಕರ್ ಕೈಬಿಟ್ಟು ಪಕ್ಕಕ್ಕೆ ಸರಿದ. ಬೀಗರು ಚೆಂಡನ್ನು ಗಿಡ್ಡಗೆ ಎತ್ತಿ ಹೊಡೆದರು. ಬೇಕಾದ್ದಕ್ಕಿಂತ ಒಂದು ಹಿಡಿ ಜೋರು. ಅದು ಬುಸುಗುಡುತ್ತ ಬಂದು ಕೋಲಿಗೆ ಠಣ್ಣೆಂದು ಬಡಿದು, ಕುಳಿಯ ಬಾಯಲ್ಲೇ ಸತ್ತು ಬಿತ್ತು. ಕೋಲು ಒಂದಿಷ್ಟು ಹೊತ್ತು ನಡುಗುತ್ತಲೇ ಇತ್ತು.

"ನೋಡಿದ್ರಾ?" ಎಂದರು ಬೀಗರು.

ಎದುರು ಜೋಡಿ ಎಂದರೆ ಕಿವಿ ಡಾಕ್ಟರು ಮತ್ತು ಅವರ ಷಡ್ಡಕ. ಅವತ್ತಿನದು ಜೋಡಿ ಆಟ, ಕುಕ್ಕರನೂ ಬೀಗರೂ ಒಂದು ಕಡೆ. ಇಬ್ಬರಿಗೆ ಒಂದೇ ಚೆಂಡು, ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಜೊತೆಯವನು ಎಲ್ಲಿಗೆ ಅಟ್ಟಿದರೂ ಇನ್ನೊಬ್ಬ ಅಲ್ಲಿಗೆ ಹೋಗಿ ಎತ್ತಬೇಕು. "ಇದು ಥೇಟ್ ಸಂಸಾರ ಕಣ್ರೀ," ಎಂದು ಡಾಕ್ಟರು ಬೆಳಿಗ್ಗೆಯಿಂದ ಹೇಳಿದ್ದನ್ನೇ ಹೇಳುತ್ತಿದ್ದರು. "ಗಂಡ ಪೊದೆಗೆ ಹೊಡೀತಾನೆ, ಹೆಂಡತಿ ಹುಡುಕ್ಕೊಂಡು ಹೋಗ್ತಾಳೆ." ಷಡ್ಡಕ ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ನಗುತ್ತಿದ್ದ. ಕುಕ್ಕರಿಗೆ ನಗು ಬರಲಿಲ್ಲ.

ಅವನ ಮಗಳು ಕ್ಲಬ್ಬಿನ ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದಳು. ಕಾಲ ಬಳಿ ಬಟ್ಟೆಯ ಬ್ಯಾಗು. ಬಲಗೈ ಮಣಿಕಟ್ಟಿಗೆ ಬಿಳಿ ಪಟ್ಟಿ. ಆಟ ಮುಗಿದ ಮೇಲೆ ಮಾವ ತಮ್ಮ ಕಾರಿನಲ್ಲೇ ಅವಳನ್ನು ಗಂಡನ ಮನೆಗೆ ಕರೆದುಕೊಂಡು ಹೋಗಬೇಕು ಎಂದು ಕುಕ್ಕರನ ಹೆಂಡತಿಯೂ ಬೀಗಿತ್ತಿಯೂ ಫೋನಿನಲ್ಲೇ ತೀರ್ಮಾನ ಮಾಡಿ ಮುಗಿಸಿದ್ದರು. ಗಂಡಸರು ಎಂದಿನ ಹಾಗೆ ಭಾನುವಾರದ ಆಟ ಆಡಲಿ, ನಕ್ಕು ಮಾತಾಡಲಿ, ಏನೂ ಆಗದವರ ಹಾಗೆ ಹುಡುಗಿ ಹಿಂದಿರುಗಲಿ. ದಾರಿಯಲ್ಲಿ ಕುಕ್ಕರ್, "ಹೋಗ್ತೀಯಲ್ಲ ಪುಟ್ಟಿ?" ಎಂದು ಕೇಳಿದ್ದಕ್ಕೆ ಅವಳು, "ಹೂಂ ಅಪ್ಪ," ಎಂದಿದ್ದಳು, ಕಿಟಕಿಯ ಕಡೆ ತಿರುಗಿ. ಆ ಹೂಂ ಬೆಳಗಿನಿಂದ ಅವನ ಕಿವಿಯಲ್ಲೇ ಕೂತಿತ್ತು.

ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಅವನಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಚೆಂಡಿನ ಮೇಲೆ, ಹುಲ್ಲಿನ ಮೇಲೆ, ಬೀಗರ ಇಸ್ತ್ರಿ ಹಾಕಿದ ಪ್ಯಾಂಟಿನ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ಗಾಜಿನ ಮೇಲೆ.

ಮದುವೆಯಾದ ಹೊಸತರಲ್ಲೇ ಬೀಗರ ಮನೆಯ ಶೋಕೇಸಿನ ಗಾಜು ಒಡೆದಿತ್ತು. "ಗಾಳಿಗೆ ಬಾಗಿಲು ಬಡ್ಕೊಳ್ತು ಬೀಗರೇ, ನಿಮ್ಮ ಅಂಗಡಿಯಿಂದ ಒಂದು ಹಾಕ್ಸಿಬಿಡಿ," ಎಂದು ಫೋನು ಬಂತು. ಕುಕ್ಕರ್ ಆಳನ್ನು ಕಳಿಸದೆ ತಾನೇ ಹೋಗಿ, ಟೇಪು ಹಿಡಿದು ಅಳತೆ ತೆಗೆದು, ಗಾಜು ಕೂರಿಸಿ, ಬೆರಳಚ್ಚು ಒರೆಸಿ ಬಂದ. ಮಗಳ ಮನೆಯ ಕೆಲಸವಲ್ಲವೆ. ಆಮೇಲೆ ಊಟದ ಮೇಜಿನ ಗಾಜು ಹೋಯಿತು. ಆಮೇಲೆ ಬಚ್ಚಲ ಬಾಗಿಲಿನದು. ಊಟದ ಮೇಜಿಗೆ ಯಾವ ಗಾಳಿ ಬಂದು ಬಡಿಯುತ್ತದೆ ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ. ಹೊಸದು ಹಾಕುವಾಗ ಸ್ವಲ್ಪ ದಪ್ಪದ ಗಾಜು ಹಾಕಿದ. ಮಗಳು ಅಡುಗೆಮನೆಯಿಂದ ಚಹಾ ತಂದುಕೊಟ್ಟು, ಮೊರದಲ್ಲಿ ಚೂರುಗಳನ್ನು ಎತ್ತಿ ಹಾಕುತ್ತಿದ್ದಳು. ಕಾಲಿಗೆ ಚುಚ್ಚೀತು ಎಂದು ಅವಳೇ ಇವನಿಗೆ ಚಪ್ಪಲಿ ತಂದುಕೊಟ್ಟಿದ್ದಳು.

ಈಗ ಒಡೆಯುವ ಗಾಜು ಮುಗಿದು ಮಣಿಕಟ್ಟಿಗೆ ಬಂದಿತ್ತು. ಬಚ್ಚಲಲ್ಲಿ ಜಾರಿದ್ದು ಎಂದು ಬೀಗಿತ್ತಿಯ ವರದಿ.

ಕೊನೆಯ ಕುಳಿಗೆ ನಡೆಯುವಾಗ ಎರಡೂ ಜೋಡಿ ಸಮಸಮ. ಡಾಕ್ಟರೂ ಷಡ್ಡಕನೂ ಮುಂದೆ ಹೋದರು. ಬೀಗರು ಕುಕ್ಕರನ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಬಂದರು.

"ನೋಡಿ ಬೀಗರೇ, ನಾವು ನಾವೇ ಇದ್ದೀವಿ ಅಂತ ಹೇಳ್ತೀನಿ. ನನ್ನ ಮಗನಿಗೆ ಸಿಟ್ಟು ಜಾಸ್ತಿ, ಒಪ್ಪಿದೆ. ನಿಮಗಿಲ್ವಾ ಸಿಟ್ಟು?"

"ನಾನು ಬಾಯಲ್ಲಿ ಕೂಗ್ತೀನಿ."

"ಅದೇ, ಒಬ್ಬೊಬ್ಬರದು ಒಂದೊಂದು ರೀತಿ." ಬೀಗರ ನಗು ಮಾಸಲಿಲ್ಲ. "ಮದುವೆಗೆ ಮುಂಚೆ ಅವನನ್ನ ಹಿಡಿಯೋರೇ ಇರಲಿಲ್ಲ ಗೊತ್ತಾ? ರಸ್ತೇಲಿ ಜಗಳ, ಆಫೀಸಲ್ಲಿ ಜಗಳ. ನಮಗೆ ಪೊಲೀಸ್ ಸ್ಟೇಷನ್ನಿಗೆ ಅಲೆದೂ ಅಲೆದೂ ಸಾಕಾಗಿತ್ತು. ನಿಮ್ಮ ಮಗಳು ಬಂದ ಮೇಲೆ ಹೊರಗಡೆ ಒಂದು ಮಾತಿಲ್ಲ. ಏನಿದ್ರೂ ಮನೆಯೊಳಗೆ ಮುಗಿದುಹೋಗುತ್ತೆ. ಈಗ ಇವಳು ನಿಮ್ಮನೇಲಿ ಕೂತ ಮೇಲೆ ಮತ್ತೆ ಶುರು ಮಾಡಿದ್ದಾನೆ. ಮೊನ್ನೆ ಪಕ್ಕದ ಮನೆಯವರ ಕಾಲರ್ ಹಿಡಿದ. ಅವಳಿದ್ರೇನೇ ಅವನು ಒಂದು ಕಡೆ ನಿಲ್ಲೋದು. ದೊಡ್ಡ ಮನಸ್ಸು ನಿಮ್ಮ ಮಗಳದು, ನಾನು ಎಲ್ಲರ ಹತ್ರನೂ ಹೇಳ್ತೀನಿ."

ಕುಕ್ಕರ್ ಮೂಗಿನಿಂದ ಉಸಿರು ಬಿಡಲಿಲ್ಲ.

ಹದಿನೆಂಟನೇ ಕುಳಿ ವರಾಂಡದ ಎದುರಿಗೇ ಇತ್ತು. ಅಲ್ಲಿ ಕೂತವರಿಗೆ ಹೊಡೆಯುವವರ ಬೆವರೂ ಕಾಣುವಷ್ಟು ಹತ್ತಿರ. ಡಾಕ್ಟರ ಚೆಂಡು ಕುಳಿಯ ಪಕ್ಕದಲ್ಲೇ ಇತ್ತು, ಇನ್ನೊಂದು ಹೊಡೆತಕ್ಕೆ ಒಳಗೆ. ಬೀಗರದ್ದು ಅಂಚಿನಾಚೆ, ತಗ್ಗಿನ ಹುಲ್ಲಿನಲ್ಲಿ. ಕುಳಿಯ ಆಚೆಗೆ ನೆಲ ಇಳಿಜಾರು, ಇಳಿಜಾರಿನ ಕೆಳಗೆ ಮರಳಿನ ಗುಂಡಿ. ಬೀಗರು ಬಗ್ಗಿ ನೋಡಿ, ಎದ್ದು ನೋಡಿ, ಹೊಡೆಯುವ ದಾಂಡನ್ನು ಎರಡು ಸಲ ಹಿಡಿದು ಬೀಸಿ ನೋಡಿದರು.

ಕುಕ್ಕರ್ ಹೋಗಿ ಬಾವುಟದ ಪಕ್ಕದಲ್ಲಿ ನಿಂತ.

"ತೆಗೆಯಲಾ?" ಎಂದ. ಅವನ ದನಿ ಇಷ್ಟು ಮೆತ್ತಗೆ ಬಂದದ್ದನ್ನು ಕೇಳಿ ಷಡ್ಡಕ ತಲೆಯೆತ್ತಿದ.

"ಮತ್ತೆ ಅದೇ ರಾಗ. ಇರಲಿ ಬಿಡಿ ಅಂದೆನಲ್ಲ."

"ಆಚೆ ಇಳಿಜಾರಿದೆ. ಮೆಲ್ಲಗೆ ಹೊಡೆದ್ರೆ ಕುಳಿ ಹತ್ರನೇ ನಿಲ್ಲುತ್ತೆ."

"ಮೆಲ್ಲಗೆ ಹೊಡೆದ್ರೆ ಅರ್ಧಕ್ಕೇ ನಿಂತುಹೋಗುತ್ತೆ. ನಾನು ಜೋರಾಗೇ ಹೊಡೆಯೋನು, ಕೋಲು ತಡ್ಕೊಳ್ಳುತ್ತೆ." ಬೀಗರು ವರಾಂಡದ ಕಡೆಗೂ ಒಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ ನಕ್ಕರು. "ಕೋಲಿಗೇನ್ರೀ, ನೋವಾಗುತ್ತಾ?"

ಡಾಕ್ಟರು ನಕ್ಕರು. ಷಡ್ಡಕನೂ ನಕ್ಕ. ಚೆಂಡು ಎದ್ದಿತು.

ಜೋರಾಗಿಯೇ ಎದ್ದಿತು. ಒಂದು ಪುಟ ನೆಗೆದು, ಎರಡನೇ ಪುಟಕ್ಕೆ ನೆಲ ಕಚ್ಚಿ, ನೆಟ್ಟಗೆ ಕುಳಿಯ ಕಡೆ ಓಡಿಬಂತು. ಬೀಗರು ಆಗಲೇ ಗೆದ್ದವರ ಹಾಗೆ ಒಂದು ಹೆಜ್ಜೆ ಮುಂದಿಟ್ಟಿದ್ದರು. ಕುಕ್ಕರ್ ಬಗ್ಗಲಿಲ್ಲ, ಆತುರಪಡಲಿಲ್ಲ. ಕೋಲನ್ನು ಎರಡೂ ಕೈಯಿಂದ ಹಿಡಿದು, ಬಾವಿಯಿಂದ ಕೊಡ ಸೇದುವವನ ಹಾಗೆ ಮೇಲಕ್ಕೆತ್ತಿಬಿಟ್ಟ.

ಚೆಂಡು ಕುಳಿಯ ಅಂಚನ್ನು ಸವರಿಕೊಂಡು ಹಾದುಹೋಯಿತು. ಇಳಿಜಾರು ಸಿಕ್ಕಿದ್ದೇ ಅದಕ್ಕೆ ಇನ್ನಷ್ಟು ಹುರುಪು. ಹುಲ್ಲು ಮುಗಿದು, ದಂಡೆ ಮುಗಿದು, ಮರಳಿನ ಗುಂಡಿಗೆ ಬಿದ್ದು ಕಣ್ಮರೆಯಾಯಿತು.

ಷಡ್ಡಕ ದಂಡೆಯವರೆಗೆ ಹೋಗಿ ಗುಂಡಿಗೆ ಇಣುಕಿದ.

"ಚೆಂಡು ಓಡ್ತಿರೋವಾಗ ಕೋಲು ಕೀಳೋ ಹಾಗಿಲ್ಲ," ಎಂದರು ಡಾಕ್ಟರು, ಪಾಪ, ತಗ್ಗಿದ ದನಿಯಲ್ಲಿ. "ಕುಳಿ ನಮಗೆ ಬಂತು. ಅಂದ್ರೆ ಆಟಾನೂ."

"ತಗೊಳ್ಳಿ," ಎಂದ ಕುಕ್ಕರ್.

ಬೀಗರ ಮುಖದಿಂದ ನಗು ಕೆಳಗೆ ಬಿತ್ತು. ಇಷ್ಟು ವರ್ಷದ ಬೀಗತನದಲ್ಲಿ ನಗುವಿಲ್ಲದ ಆ ಮುಖವನ್ನು ಕುಕ್ಕರ್ ನೋಡಿದ್ದು ಅವತ್ತೇ. ಮಗನದೇ ಮುಖ, ಕೂದಲು ಮಾತ್ರ ಬೆಳ್ಳಗೆ. "ತಲೆ ಕೆಟ್ಟಿದೆಯೇನ್ರೀ ನಿಮಗೆ? ಏನು ಮಾಡಿದಿರಿ?"

"ತೆಗೆದೆ."

"ಯಾರನ್ನ ಕೇಳಿ ತೆಗೆದ್ರಿ? ಹೊಡೆದೋನು ನಾನು."

"ಗೊತ್ತು. ಹೊಡೆಯೋರ ಮನೆಯವರೇ ನೀವು."

ವರಾಂಡದಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಎತ್ತಿಕೊಂಡರು. ಈಗ ವಿಷಲ್ ಬರುತ್ತದೆ ಎಂದು ಒಬ್ಬ ಇನ್ನೊಬ್ಬನಿಗೆ ಕಣ್ಣು ಮಿಟುಕಿಸಿದ. ಬರಲಿಲ್ಲ. ಕುಕ್ಕರ್ ಕೋಲನ್ನು ಹಿಡಿದುಕೊಂಡೇ ಹುಲ್ಲು ದಾಟಿ ಮೆಟ್ಟಿಲ ಕಡೆ ನಡೆದ. ತಲೆಯ ಮೇಲೆ ಬಾವುಟ ಪಟಪಟ ಎನ್ನುತ್ತಿತ್ತು. ಬೀಗರು ಬಿರುಸಾಗಿ ಹೆಜ್ಜೆ ಹಾಕಿ ಅವನನ್ನು ದಾಟಿ ಮುಂದೆ ಬಂದರು. ನಾಲ್ಕು ಜನ ನೋಡುತ್ತಿದ್ದರಲ್ಲ, ನಗು ಅರ್ಧ ವಾಪಸು ಬಂದಿತ್ತು.

"ಬಾಮ್ಮಾ, ಹೊತ್ತಾಯ್ತು. ಬ್ಯಾಗು ನನ್ನ ಕಾರಿಗಿಡು. ನಿಮ್ಮಪ್ಪನಿಗೆ ಬಿಸಿಲು ಹತ್ತಿದೆ."

ಮಗಳು ಎದ್ದು ನಿಂತಳು. ಮಾವನ ಕಡೆ ನೋಡಲಿಲ್ಲ. ಅಪ್ಪನ ಕೈಯಲ್ಲಿದ್ದ ಕೋಲನ್ನು ನೋಡಿದಳು. ಆಮೇಲೆ ಎಡಗೈಯಲ್ಲಿ ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದು, ಅಪ್ಪನ ಹಳೇ ಕಾರಿನ ಕಡೆ ನಡೆದಳು.

"ಇದೇನು ಬೀಗರೇ ಇದು," ಎಂದರು ಬೀಗರು, ಹಲ್ಲು ಕಚ್ಚಿಕೊಂಡು. "ಮನೇಲಿ ನಾನೇನು ಹೇಳಲಿ?"

"ಇನ್ನು ಮೇಲೆ ಗಾಜು ಒಡೆದ್ರೆ ಬೇರೆ ಅಂಗಡಿಗೆ ಹೇಳಿ ಅಂತ ಹೇಳಿ."

ಕಾರಿನ ಹತ್ತಿರ ಹೋದ ಮೇಲೆಯೇ ಅವನಿಗೆ ಗೊತ್ತಾದದ್ದು, ಕೋಲು ಇನ್ನೂ ತನ್ನ ಕೈಯಲ್ಲೇ ಇದೆಯೆಂದು. ಹಿಂದಿನ ಸೀಟಿಗೆ ಅಡ್ಡ ಹಾಕಿ ನೋಡಿದ, ಹಿಡಿಸಲಿಲ್ಲ. ಓರೆ ಮಾಡಿ ನೋಡಿದ. ಆಗಲೂ ಇಲ್ಲ. ಈಗ ಮೂಗಿನಿಂದ ಸುಯ್ಯೆಂದು ದೊಡ್ಡದಾಗಿ ಉಸಿರು ಬಂತು.

"ಇರು ಅಪ್ಪ," ಎಂದಳು ಮಗಳು. ಮುಂದಿನ ಸೀಟಿನಿಂದಲೇ ತಿರುಗಿ, ಎಡಗೈಯಿಂದ ಹಿಂದಿನ ಕಿಟಕಿಯ ಗಾಜನ್ನು ತಿರುವಿ ತಿರುವಿ ಪೂರ್ತಿ ಇಳಿಸಿದಳು.

ಬಾವುಟವನ್ನು ಹೊರಗೆ ಬಿಟ್ಟುಕೊಂಡು ಕಾರು ಗೇಟು ದಾಟಿತು. ಅತ್ತ ಮೈದಾನದ ದೂರದ ತುದಿಯಲ್ಲಿ, ಹಿಂದಿನಿಂದ ಆಡಿಕೊಂಡು ಬರುತ್ತಿದ್ದ ನಾಲ್ವರು ಹಣೆಗೆ ಕೈ ಅಡ್ಡ ಹಿಡಿದು, ಎತ್ತ ಹೊಡೆಯಬೇಕೆಂದು ತಿಳಿಯದೆ ಬರಿಯ ಹಸಿರನ್ನೇ ನೋಡುತ್ತ ನಿಂತಿದ್ದರು.